ಕುಡಿತಿನಿ ರಸ್ತೆಯ ಅಣ್ಣನಿಗೆ

ನನ್ನ ಗಾಡಿಯ ಗೇರ್ ಬಾಕ್ಸ್ ಸೋರಿಕೆ ಸರಿಮಾಡಿ, ಹೆಸರೂ ಹೇಳದೆ ಹೊರಟ ಅಣ್ಣಾ, ನಿಮಗೆ ಶರಣು. ಗೇರ್ ಬಾಕ್ಸ್ ಕೆಳಗೆ ಆಯಿಲ್ ಕಂಡರೆ ಎಲ್ಲರೂ ಮೊದಲು ಆಯಿಲ್ ತಡೆಯುವ ರಬ್ಬರ್ ಸೀಲ್ ಬದಲಿಸುತ್ತಾರೆ. ನೀವು ಹಾಗೆ ಮಾಡಲಿಲ್ಲ. ಬಳ್ಳಾರಿಯ ಅದಿರಿನ ಧೂಳು ಕೂತರೆ ಯಾವ ಆಯಿಲ್ಲೂ ಕೆಂಪಗೇ ಕಾಣುತ್ತದೆ, ಬಣ್ಣ ನಂಬಬೇಡಿ ಅಂದಿರಿ. ಗಂಧಕದ ವಾಸನೆಯಿಂದಲೇ ಅದು ಗೇರ್ ಆಯಿಲ್ ಎಂದು ಗುರುತಿಸಿದಿರಿ. ಡೀಸೆಲ್ ಹಚ್ಚಿ ಬ್ರಷ್‌ನಿಂದ ತೊಳೆದು, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ 10 ಕಿ.ಮೀ. ಓಡಿಸಿದಾಗ ಒದ್ದೆ ಗೆರೆ ಎದ್ದದ್ದು ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ಸೀಲಿನ ಕೆಳಗೆ.

ಆದರೆ ಮೂಲ ಮೇಲಿತ್ತು. ಗೇರ್ ಬಾಕ್ಸ್ ಉಸಿರಾಡುವ ಕಿಂಡಿ, ಬ್ರೀದರ್, ಧೂಳಿನಿಂದ ಕಟ್ಟಿಕೊಂಡಿತ್ತು. ಬಿಸಿ ಗಾಳಿಗೆ ದಾರಿಯಿಲ್ಲದಿದ್ದರೆ ಒಳಗಿನ ಒತ್ತಡ ಹೊಸ ಸೀಲಿನಿಂದಲೂ ಆಯಿಲ್ ಹೊರಗೆ ನೂಕುತ್ತದೆ. ನಮ್ಮ ಸೀಮೆಯಲ್ಲಿ ಇದನ್ನೇ ಮೊದಲು ನೋಡಬೇಕು.

ಬ್ರೀದರ್ ಸ್ವಚ್ಛ ಮಾಡಿ, ಸೀಲ್ ಬದಲಿಸುವಾಗ, ಆಯಿಲ್ ಇಳಿಸುವ ಡ್ರೇನ್ ಬೋಲ್ಟ್‌ಗಿಂತ ಮುಂಚೆ ಆಯಿಲ್ ತುಂಬುವ ಫಿಲ್ಲರ್ ಬೋಲ್ಟ್ ಸಡಿಲಿಸಿದಿರಿ. ಅದು ಬಿಚ್ಚದೇ ಹೋದರೆ ಖಾಲಿ ಗೇರ್ ಬಾಕ್ಸ್‌ಗೆ ಆಯಿಲ್ ತುಂಬುವುದೆಲ್ಲಿ? ಹೊಸ ಸೀಲಿನ ತುಟಿಗೆ ಆಯಿಲ್ ಸವರಿ, ಹಲ್ಲು ಅದಕ್ಕೆ ತಾಗದಂತೆ ಶಾಫ್ಟನ್ನು ನೇರವಾಗಿ ಒಳಗೆ ತಳ್ಳಿದಿರಿ. ಡ್ರೇನ್ ಬೋಲ್ಟ್‌ಗೆ ಹೊಸ ವಾಷರ್. ಗಾಡಿ ಸಮತಟ್ಟಾಗಿ ನಿಲ್ಲಿಸಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಜಿಎಲ್-4 ದರ್ಜೆಯ ಗೇರ್ ಆಯಿಲ್ಲನ್ನು ಫಿಲ್ಲರ್ ತೂತಿನಿಂದ ಹನಿಯುವವರೆಗೆ ತುಂಬಿದಿರಿ. ಕೊಟ್ಟ ದುಡ್ಡನ್ನೂ ಮುಟ್ಟಲಿಲ್ಲ.

ರಾತ್ರಿ ಗಾಡಿ ಕೆಳಗೆ ಹಾಸಿದ ರಟ್ಟು ಬೆಳಿಗ್ಗೆ ಒಣಗಿಯೇ ಇತ್ತು, ಅಣ್ಣಾ.