ಬಟ್ಟೆ ಮೂಟೆ ಕಟ್ಟುವ ಮೊದಲು ಅವರನ್ನೊಮ್ಮೆ ಕೇಳಿ

ಸಂಪಾದಕರೇ, ನಮಸ್ಕಾರ.

ಬೇಸಿಗೆ ರಜೆ ಬಂತು ಅಂದರೆ ನಮ್ಮ ಮಂಗಳೂರಿನ ಚರ್ಚ್‌ಗಳಿಂದ ಯುವಜನರು ಸೇವಾ ಶಿಬಿರ ಅಂತ ಹೊರಡುತ್ತಾರೆ. ಅದರ ಫೋಟೋಗಳು ನಿಮ್ಮ ಪತ್ರಿಕೆಯಲ್ಲೂ ಬರುತ್ತವೆ. ಕಳೆದ ವರ್ಷ ನಾನೂ ಒಂದು ತಂಡದ ಜೊತೆ ಉತ್ತರ ಕನ್ನಡದ ಹಳಿಯಾಳ ಕಡೆ, ಆಫ್ರಿಕಾ ಮೂಲದ ಸಿದ್ದಿ ಜನರ ಒಂದು ಕೇರಿಗೆ ಹೋಗಿದ್ದೆ. ಅಲ್ಲಿ ಕಂಡದ್ದನ್ನು ಈ ವರ್ಷ ಹೊರಡುವವರಿಗೆ ಹೇಳಲೇಬೇಕು ಅನಿಸಿ ಬರೆಯುತ್ತಿದ್ದೇನೆ.

ರಾತ್ರಿಯೆಲ್ಲ ಬಸ್ಸು. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ, ಬೆಳಗಾಗುವಾಗ ಕಾಡಿನ ನಡುವಿನ ಆ ಕೇರಿ ತಲುಪಿದೆವು. ನಾವು 22 ಜನ, ಜೊತೆಗೆ 14 ಮೂಟೆ ಹಳೆ ಬಟ್ಟೆ. ಅಲ್ಲಿನವರು ಮಾತಾಡುವುದೂ ಒಂದು ಬಗೆಯ ಕೊಂಕಣಿಯೇ, ನಮ್ಮದೂ ಕೊಂಕಣಿ. ಅರ್ಧಂಬರ್ಧ ಅರ್ಥವಾದರೂ ಮಕ್ಕಳ ಜೊತೆ ಬೇಗ ಸಲಿಗೆ ಬೆಳೆಯಿತು.

ಮಧ್ಯಾಹ್ನ ಒಬ್ಬ ಅಜ್ಜಿ ಜಗಲಿ ಮೇಲೆ ಮೂಟೆ ಬಿಚ್ಚಿಕೊಂಡು ಕೂತಿದ್ದರು. ಒಂದೊಂದೇ ಬಟ್ಟೆ ಎತ್ತಿ ಎರಡು ಬೆರಳಲ್ಲಿ ತಿಕ್ಕಿ ನೋಡುವುದು, ಹತ್ತಿಯದಾದರೆ ಮಡಿಲಿಗೆ, ಇಲ್ಲದಿದ್ದರೆ ಪಕ್ಕಕ್ಕೆ. ಪಕ್ಕದ ರಾಶಿ ಸೊಂಟದೆತ್ತರ ಆಯಿತು, ಮಡಿಲಲ್ಲಿ ಸೇರಿದ್ದು ಏಳೋ ಎಂಟೋ. ಯಾಕಜ್ಜಿ ಅಂತ ಕೇಳಿದೆ. ಕೌದಿಗೆ, ಅಂದರೆ ಹಳೆ ಬಟ್ಟೆ ಸೇರಿಸಿ ಹೊಲಿಯುವ ಹೊದಿಕೆಗೆ ಅಂದರು. ಒಳಗಿಂದ ಅರ್ಧ ಹೊಲಿದ ಕೌದಿ ತಂದು ಹಾಸಿದರು. ಅಡಿಯಲ್ಲಿ ಹಳೆ ಸೀರೆ, ಮೇಲೆ ಬಣ್ಣ ಬಣ್ಣದ ತುಂಡುಗಳು, ಅಂಚಿನಿಂದ ಶುರುವಾಗಿ ಸುತ್ತ ಸುತ್ತ ನಡುವಿನ ಕಡೆ ಬರುವ ದಪ್ಪ ಹೊಲಿಗೆ, ಎಲ್ಲ ಕೈಯಲ್ಲೇ. ನಾಲ್ಕು ಮೂಲೆಗೂ ಮಡಿಚಿದ ತ್ರಿಕೋನದ ತುಂಡುಗಳನ್ನು ಇಡುತ್ತಾರೆ. ಅದು ಅವರಿಗೆ ಹೂವು. ಹೂವಿಲ್ಲದ ಕೌದಿ ಬೆತ್ತಲೆ ಇದ್ದ ಹಾಗೆ, ಯಾರಿಗೂ ಕೊಡಬಾರದು ಅಂದರು. ನೈಲಾನು, ಪಾಲಿಯೆಸ್ಟರು ಅದಕ್ಕೆ ಆಗುವುದಿಲ್ಲ, ಮೈಗೆ ಹಿತ ಇರಲ್ಲ. ಒಂದು ಸಲ ಮೊದಲೇ ಕೇಳಿದ್ದರೆ ಮಂಗಳೂರಿನ ಎಷ್ಟೋ ಮನೆಗಳ ಕಪಾಟಿನಲ್ಲಿ ಸುಮ್ನೆ ಬಿದ್ದಿರುವ ಹತ್ತಿ ಸೀರೆಗಳನ್ನೇ ತರಬಹುದಿತ್ತು, ಅಲ್ವಾ?

ಇನ್ನೊಂದು ವಿಷಯ ನನಗೆ ಇವತ್ತಿಗೂ ನೋವು. ಹಳಿಯಾಳ ಕಡೆಯ ಸಿದ್ದಿಗಳಲ್ಲಿ ಕ್ರೈಸ್ತರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಯಲ್ಲಾಪುರ ಕಡೆ ಹಿಂದೂಗಳು ಜಾಸ್ತಿ. ನಮ್ಮ ಪಟ್ಟಿ ಪ್ರಾರ್ಥನೆಗೆ ಬರುವ ಮನೆಗಳದ್ದು. ಹಾಗಾಗಿ ಅಕ್ಕಿ ಹಂಚುವಾಗ ಎರಡು ಮುಸ್ಲಿಂ ಮನೆಗಳನ್ನು ದಾಟಿ ಹೋದೆವು. ಅದರಲ್ಲಿ ಒಂದು ಮನೆಯ ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಅಜ್ಜಿಯ ಮೊಮ್ಮಗಳ ಕ್ಲಾಸ್‌ಮೇಟು. ಸಂಜೆ ಅಜ್ಜಿಯೇ ತಮ್ಮ ಅಕ್ಕಿಯಲ್ಲಿ ಎರಡು ಸೇರು ಅಳೆದು ಕಳಿಸಿದರು. ಆಮೇಲೆ ನಾವೂ ಕೊಟ್ಟೆವು, ಆದರೆ ಅದು ಮೊದಲೇ ಆಗಬೇಕಿತ್ತು.

ನಿಜವಾಗಿ ಉಪಯೋಗಕ್ಕೆ ಬಂದ ಕೆಲಸ ನಮ್ಮ ಕಾರ್ಯಕ್ರಮದಲ್ಲೇ ಇರಲಿಲ್ಲ. ಅಜ್ಜಿಯ ಮಗ ಒಂದು ಪ್ಲಾಸ್ಟಿಕ್ ತೊಟ್ಟೆ ತಂದು, ಇದರಲ್ಲಿ ಏನು ಬರೆದಿದೆ ನೋಡಿ ಹೇಳ್ತೀರಾ ಅಂತ ಕೇಳಿದರು. ಕಾಡಿನಲ್ಲಿ ನೆಲೆಸಿದವರಿಗೆ ಆ ಜಾಗದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಾಕಿದ ಅರ್ಜಿ ತಿರಸ್ಕಾರ ಆದ ಕಾಗದ. ಕಾರಣ, 75 ವರ್ಷದ ದಾಖಲೆ ಇಲ್ಲ ಅಂತ. ವಕೀಲರ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ ಒಬ್ಬಳು ನಮ್ಮ ತಂಡದಲ್ಲಿದ್ದಳು. ಅವಳಿಗೆ ಕೂಡಲೇ ತಪ್ಪು ಕಂಡಿತು. 2003ರಿಂದ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡ. ಆ 75 ವರ್ಷದ ಷರತ್ತು ಪರಿಶಿಷ್ಟ ಪಂಗಡಕ್ಕೆ ಸೇರದವರಿಗೆ. ಇವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಜಾಗದಲ್ಲಿ ಇದ್ದಾರೆ ಅಂತ ತೋರಿಸಿದರೆ ಸಾಕು. ಜಾತಿ ಪ್ರಮಾಣಪತ್ರ ಮನೆಯಲ್ಲೇ ಇತ್ತು, ಅರ್ಜಿ ಜೊತೆ ಯಾರೂ ಇಟ್ಟಿರಲಿಲ್ಲ! ಮೇಲಿನ ಸಮಿತಿಗೆ ಮನವಿ ಕೊಡಲು 60 ದಿನ ಸಮಯ, ಅದರಲ್ಲಿ 9 ದಿನ ಮಾತ್ರ ಉಳಿದಿತ್ತು. ಮಕ್ಕಳಿಗೆ ಅಂತ ತಂದ ನೋಟ್ ಪುಸ್ತಕದ ಹಾಳೆಯಲ್ಲೇ, ಟಾರ್ಚ್ ಬೆಳಕಲ್ಲಿ, ಅವಳು ಮನವಿ ಬರೆದಳು. ಸುದ್ದಿ ಹರಡಿ ಮರುದಿನ ಬೆಳಿಗ್ಗೆ ಇನ್ನೂ ಐದು ಜನ ತೊಟ್ಟೆ ಹಿಡಿದುಕೊಂಡು ಬಂದರು. ನಮ್ಮ ಬಸ್ಸು ಹತ್ತು ಗಂಟೆಗೆ ಹೊರಟಿತು. ಮೂರು ಜನರ ಕಾಗದ ನೋಡಲಿಕ್ಕೆ ಆಗಲೇ ಇಲ್ಲ.

ಶಿಬಿರಗಳೇ ಬೇಡ ಅಂತ ಖಂಡಿತ ಹೇಳುತ್ತಿಲ್ಲ. ಹೋದ ಹುಡುಗರು ಬದಲಾಗಿ ಬಂದಿದ್ದಾರೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಫಾದರ್‌ಗಳಲ್ಲಿ, ಯುವಜನ ಸಂಘದವರಲ್ಲಿ ನನ್ನ ವಿನಂತಿ ಇಷ್ಟು. ತಿಂಗಳು ಮೊದಲೇ ಇಬ್ಬರು ಹೋಗಿ ಏನು ಬೇಕು ಅಂತ ಕೇಳಿ ಬನ್ನಿ. ಬಸ್ಸು ತುಂಬಾ ಜನ ಬೇಡ, ಕಾಗದ ಓದಿ ಅರ್ಜಿ ಬರೆಯಬಲ್ಲವರು ನಾಲ್ಕು ಜನ ಇರಲಿ. ಪ್ರತಿ ವರ್ಷ ಹೊಸ ಊರು ಹುಡುಕದೆ ಹೋದ ಊರಿಗೇ ಮತ್ತೆ ಹೋಗಿ.

ಈ ಸಲ ನಾವು ಆರು ಜನ ಅದೇ ಕೇರಿಗೆ ಹೋಗುತ್ತಿದ್ದೇವೆ, ಒಂದು ವಾರ ಅಲ್ಲೇ ಇರುತ್ತೇವೆ. ಮೊದಲು ಆ ಮೂರು ಜನರ ಕಾಗದ. ಜೊತೆಗೆ ಹಳೆ ಸೀರೆಗಳನ್ನೂ ಒಟ್ಟು ಮಾಡುತ್ತಿದ್ದೇವೆ. ಹರಿದಿದ್ದರೂ ಪರವಾಗಿಲ್ಲ, ಹತ್ತಿಯದಾದರೆ ಸಾಕು ಅಂತ ಅಜ್ಜಿ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಾರೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಮಂಗಳೂರು