ಹಿಡಿತದ ಬಲ: ಎಡಗೈ ಆಟಗಾರರಿಗೆ ಒಂದೇ ಸೂತ್ರ ಸಲ್ಲದು

ಮಾನ್ಯ ಸಂಪಾದಕರೇ,

ಕ್ರೀಡಾಪಟುಗಳ ಹಿಡಿತದ ಬಲವನ್ನು ಡೈನಮೋಮೀಟರ್‌ನಲ್ಲಿ ಅಳೆಯುವಾಗ, ರೂಢಿಯ ಕೈ ಇನ್ನೊಂದಕ್ಕಿಂತ ಸುಮಾರು ಶೇ 10ರಷ್ಟು ಬಲವಾಗಿರುತ್ತದೆ ಎಂಬ ಸೂತ್ರವನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲ. ಬಲಗೈ ರೂಢಿಯವರಲ್ಲಿ ಅದು ಬಹುಮಟ್ಟಿಗೆ ನಿಜವಾದರೂ, ಎಡಗೈ ರೂಢಿಯವರಲ್ಲಿ ಎರಡೂ ಕೈಗಳ ಬಲ ಸರಾಸರಿಯಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತದೆ. ಕತ್ತರಿಯಂತಹ, ಬಲಗೈಗೆಂದೇ ರೂಪಿಸಿದ ಸಾಧನಗಳನ್ನು ಬಳಸುತ್ತಲೇ ಅವರು ಬೆಳೆಯುವುದು ಬಹುಶಃ ಇದಕ್ಕೊಂದು ಕಾರಣ. ಆಟದ ಪ್ರಭಾವವೂ ಇದೆ: ಟೆನಿಸ್‌ನಲ್ಲಿ ರ‍್ಯಾಕೆಟ್‌ ಹಿಡಿಯುವ ಕೈ ಎದ್ದು ಕಾಣುವಷ್ಟು ಬಲಿಯುತ್ತದೆ.

ನನ್ನ ಕಳಕಳಿ ಗಾಯದ ನಂತರದ ಪರೀಕ್ಷೆಯ ಕುರಿತದ್ದು. ಎಡಗೈ ಆಟಗಾರ್ತಿಯ ಬಲಗೈಗೆ ಪೆಟ್ಟಾದಾಗ, ಅದು ಶೇ 10ರಷ್ಟು ಹಿಂದಿರುವುದು ಸಹಜವೆಂದು ಭಾವಿಸಿ, ಪೂರ್ತಿ ಚೇತರಿಸಿಕೊಳ್ಳುವ ಮುನ್ನವೇ ಆಕೆಯನ್ನು ಕಣಕ್ಕಿಳಿಸುವ ಅಪಾಯವಿದೆ. ಆದ್ದರಿಂದ ಪ್ರತಿಯೊಬ್ಬರ ಎರಡೂ ಕೈಗಳ ಬಲವನ್ನು ಋತುವಿನ ಆರಂಭದಲ್ಲೇ ಅಳೆದು ದಾಖಲಿಸಿಡಬೇಕೆಂದು ತರಬೇತುದಾರರನ್ನು ಕೋರುತ್ತೇನೆ.

ಇಂತಿ,
ಕ್ರೀಡಾಸಕ್ತ ಓದುಗ