‘ಸ’ದಿಂದ ಶುರುವಾಗುವ ಹಾಡುಗಳ ಬಗ್ಗೆ ತಮ್ಮನಿಗೊಂದು ಪತ್ರ

ಪ್ರೀತಿಯ ತಮ್ಮಾ,

ನಿನ್ನ ಲೇಖನ ತಲುಪಿತು. ಎರಡು ಸಲ ಓದಿದೆ. ಜಪಾನಿನ ನಗೋಯಾದಲ್ಲಿ ಕೆಲಸ ಮುಗಿಸಿ ಬಂದು, ರಾತ್ರಿ ಹನ್ನೊಂದರ ಮೇಲೆ ಕೂತು ಬರೆದೆ ಅಂತ ಹೇಳಿದ್ದೀಯ. ಆ ಶ್ರದ್ಧೆ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಅದಕ್ಕೇ ನಾನೂ ಸಾವಧಾನವಾಗಿ ಉತ್ತರ ಬರೆಯುತ್ತಿದ್ದೇನೆ.

‘ಸ’ ಅಕ್ಷರದಿಂದ ಹೆಸರು ಶುರುವಾಗುವ ಜಪಾನಿ ಹಾಡುಗಳು. ಒಟ್ಟು ಮೂವತ್ನಾಲ್ಕು. ಹಾಡಿನ ಹೆಸರು, ಹಾಡಿದವರು, ಬಂದ ವರ್ಷ. ವಿಷಯ ನನಗೆ ತುಂಬಾ ಹಿಡಿಸಿತು. ಆದರೆ ಈಗ ಅದು ಕರಾವೋಕೆ ಕೋಣೆಯಲ್ಲಿ ಇಡುತ್ತಿದ್ದ ದಪ್ಪ ಪುಸ್ತಕದ ಒಂದು ಪುಟದ ಹಾಗಿದೆ. ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ ಇರುತ್ತಿದ್ದ ಆ ಪುಸ್ತಕದಲ್ಲಿ ಹಾಡುಗಳು ಅಕ್ಷರದ ಸಾಲಿನಲ್ಲಿ ಇರುತ್ತಿದ್ದವು. ಈಗ ಅದರ ಜಾಗಕ್ಕೆ ಪುಟ್ಟ ಟ್ಯಾಬ್ಲೆಟ್ ಬಂದಿದೆ. ಹುಡುಕೋಕೆ ಆ ಪುಟ ಬೇಕು, ನಿಜ. ಓದೋಕೆ ಸಾಲದು. ನಿನ್ನ ಪಟ್ಟಿಯಲ್ಲಿ ಇಪ್ಪತ್ತೊಂದನೆಯ ಹಾಡಿನ ಹತ್ತಿರ ಮಾತ್ರ ನಾನು ನಿಂತುಬಿಟ್ಟೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಿನ್ನ ಭಯದ ವಿಷಯ. ‘ಸಕುರ’, ಅಂದರೆ ಚೆರ್ರಿ ಹೂವು, ಅಂತ ಹೆಸರಿರುವ ಹಾಡುಗಳೇ ಇಷ್ಟೊಂದು ಇವೆ, ಎಲ್ಲವೂ ಒಂದೇ ಥರ ಕೇಳಿಸುತ್ತವೆ, ಏನು ಬರೆಯೋದು ಅಂತ ಕೇಳಿದ್ದೀಯ. ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಕ್ಯೋಟೋದಲ್ಲಿ, ಒಂದು ಜನವರಿ ತಿಂಗಳಲ್ಲಿ. ಆಗ ನಾನು ಅಲ್ಲಿ ಮೂರು ತಿಂಗಳು ಇದ್ದೆ. ನಾನಿದ್ದ ಮನೆಯ ಹತ್ತಿರದ ಒಂದು ಸಭಾಂಗಣದಲ್ಲಿ ‘ಕರುತ’ ಅನ್ನೋ ಚೀಟಿ ಆಟ ಆಡುತ್ತಿದ್ದರು. ಮನೆಯ ಯಜಮಾನಿ ಕರೆದುಕೊಂಡು ಹೋಗಿದ್ದರು.

ಈ ಆಟಕ್ಕೆ ಆಧಾರ ‘ಹ್ಯಕುನಿನ್ ಇಶ್ಶು’ ಎನ್ನುವ ಪದ್ಯಗಳ ಕಟ್ಟು. ನೂರು ಕವಿಗಳು, ಒಬ್ಬೊಬ್ಬರದು ಒಂದೊಂದೇ ಪದ್ಯ. 13ನೆಯ ಶತಮಾನದಲ್ಲಿ ಫುಜಿವಾರ ನೊ ತೇಯ್ಕ ಎಂಬ ಕವಿ ಆರಿಸಿದ್ದು. ಪದ್ಯಕ್ಕೆ ಸಾಮಾನ್ಯವಾಗಿ ಮೂವತ್ತೊಂದು ಅಕ್ಷರ: ಐದು, ಏಳು, ಐದು, ಏಳು, ಏಳು. ಇವಕ್ಕೆ ಹೆಸರಿಲ್ಲ. ಮೊದಲ ಸಾಲೇ ಹೆಸರಿನ ಕೆಲಸ ಮಾಡುತ್ತದೆ. ಇನ್ನೊಂದು ವಿಷಯ ನಿನಗೆ ಗೊತ್ತೇ ಇರುತ್ತದೆ. ಜಪಾನಿಯಲ್ಲಿ ಹಾಡಿಗೂ ಈ ಪದ್ಯಕ್ಕೂ ‘ಉತ’ ಅನ್ನೋ ಒಂದೇ ಮಾತು. ಹಾಗಾಗಿ ನಿನ್ನ ಲೇಖನಕ್ಕೆ ಇವು ಹೊರಗಿನವಲ್ಲ.

ನೆಲದ ಮೇಲೆ ಐವತ್ತು ಚೀಟಿಗಳು. ಆ ಕಡೆ ಇಪ್ಪತ್ತೈದು, ಈ ಕಡೆ ಇಪ್ಪತ್ತೈದು. ಚೀಟಿಯಲ್ಲಿ ಇರೋದು ಪದ್ಯದ ಕೊನೆಯ ಎರಡು ಸಾಲು ಮಾತ್ರ. ಎಲ್ಲಿ ಯಾವ ಚೀಟಿ ಇದೆ ಅಂತ ನೆನಪಿಟ್ಟುಕೊಳ್ಳೋಕೆ ಹದಿನೈದು ನಿಮಿಷ. ಆಮೇಲೆ ಒಬ್ಬರು ಪದ್ಯವನ್ನು ಮೊದಲಿನಿಂದ ಓದುತ್ತಾರೆ. ಯಾವ ಪದ್ಯ ಅಂತ ಗುರುತು ಹಿಡಿದು, ಅದರ ಚೀಟಿಯನ್ನು ಮೊದಲು ಹೊಡೆದವರಿಗೆ ಅದು ಸೇರುತ್ತದೆ.

ಓದುವ ಹೆಂಗಸು ಹಿಂದಿನ ಪದ್ಯದ ಕೊನೆಯನ್ನು ಇನ್ನೊಮ್ಮೆ ಹೇಳಿ, ಒಂದು ಕ್ಷಣ ಸುಮ್ಮನಾದರು. ಕೋಣೆಯಲ್ಲಿ ಉಸಿರಿನ ಸದ್ದೂ ಇಲ್ಲ. ‘ಮು’ ಅಂದರು, ಅಷ್ಟೇ. ಎದುರಿಗಿದ್ದ ಹುಡುಗಿಯ ಕೈ ಹಾರಿತು. ಚೀಟಿ ಗೋಡೆಗೆ ಹೋಗಿ ಬಡಿಯಿತು. ನೂರು ಪದ್ಯಗಳಲ್ಲಿ ‘ಮು’ದಿಂದ ಶುರುವಾಗೋದು ಒಂದೇ ಒಂದು. ಹೀಗೆ ಒಂಟಿ ಅಕ್ಷರದಲ್ಲೇ ಗುರುತು ಸಿಗುವ ಪದ್ಯಗಳು ಏಳು: ಮು, ಸು, ಮೆ, ಫು, ಸ, ಹೊ, ಸೆ.

ಸ್ವಲ್ಪ ಹೊತ್ತಿಗೆ ‘ಅ’ ಅಂದರು. ಯಾರ ಕೈಯೂ ಅಲುಗಲಿಲ್ಲ. ‘ಅ’ದಿಂದ ಶುರುವಾಗುವ ಪದ್ಯಗಳು ಹದಿನಾರಿವೆ. ‘ಅಸ’ ಅಂದರು. ಈಗ ಮೂರು ಉಳಿದವು. ‘ಅಸಬೊರಕೆ’ ಅಂದರು. ಇನ್ನೂ ಎರಡು ಇವೆ! ಅಸಬೊರಕೆ ಅಂದರೆ ಬೆಳಕು ಹರಿಯುವ ಹೊತ್ತು. ಮುಂದಿನ ಅಕ್ಷರ ‘ಅ’ ಆದರೆ ಅದು ಯೋಶಿನೊ ಹಳ್ಳಿಯ ಪದ್ಯ. ಬೆಳಗಿನ ಚಂದ್ರನ ಬೆಳಕೇ ಇರಬೇಕು ಅನ್ನಿಸುವ ಹಾಗೆ ಬಿದ್ದಿರುವ ಬಿಳಿ ಹಿಮ. ಮುಂದಿನದು ‘ಉ’ ಆದರೆ ಅದು ಉಜಿ ನದಿಯ ಪದ್ಯ. ಮಂಜು ಹರಿದು ಹರಿದು ಸರಿಯುತ್ತಿದ್ದರೆ, ಮೀನು ಹಿಡಿಯೋಕೆ ನೆಟ್ಟ ಗೂಟಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಇಬ್ಬರು ಕವಿಗಳೂ ಐದು ಅಕ್ಷರ ಒಂದೇ ದಾರಿಯಲ್ಲಿ ನಡೆದರು. ಆರನೆಯ ಅಕ್ಷರದಲ್ಲಿ ಒಬ್ಬ ಹಿಮದ ಕಡೆ ತಿರುಗಿದ, ಇನ್ನೊಬ್ಬ ನದಿಯ ಕಡೆ.

ಆ ತಿರುಗುವ ಅಕ್ಷರಕ್ಕೆ ಆಟದವರು ‘ಕಿಮರಿಜಿ’ ಅನ್ನುತ್ತಾರೆ. ಇದೇ ಪದ್ಯ, ಬೇರೆ ಅಲ್ಲ ಅಂತ ತೀರ್ಮಾನ ಆಗುವ ಅಕ್ಷರ. ತಮ್ಮಾ, ನಿನ್ನ ಪಟ್ಟಿಯ ಪ್ರತಿ ಹಾಡಿಗೂ ಇದನ್ನೇ ಹುಡುಕು. ಎಲ್ಲಿಯವರೆಗೆ ಈ ಹಾಡು ಬೇರೆಯವುಗಳ ಜೊತೆ ನಡೆಯುತ್ತದೆ? ಎಲ್ಲಿ ತನ್ನ ದಾರಿ ಹಿಡಿಯುತ್ತದೆ?

ನಿನ್ನ ‘ಸಕುರ’ಗಳನ್ನೇ ನೋಡು. 2003ರಲ್ಲಿ ಮೊರಿಯಾಮಾ ನಾವೊತಾರೊ ಹಾಡಿದ್ದು ಒಂದು. 2005ರಲ್ಲಿ ಕೆಟ್ಸುಮೇಯ್ಶಿ ತಂಡದ್ದು ಒಂದು, ಅದೇ ವರ್ಷ ಕೊಬುಕುರೊ ಜೋಡಿಯದು ಒಂದು. 2006ರಲ್ಲಿ ಇಕಿಮೊನೊಗಕಾರಿ ತಂಡದ್ದು. ಕಿವಿಗೆ ಎಲ್ಲವೂ ‘ಸಕುರ’. ಕಣ್ಣಿಗೆ ಹಾಗಲ್ಲ. ಮೊದಲ ಎರಡು ಹಿರಗಾನ ಎಂಬ ಜಪಾನಿ ಲಿಪಿಯಲ್ಲಿವೆ, ಕೊಬುಕುರೊ ಅವರದು ಒಂದೇ ಚೀನೀ ಅಕ್ಷರ, ಕೊನೆಯದು ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡದಲ್ಲಿ ಬರೆದಾಗ ಈ ವ್ಯತ್ಯಾಸ ಪೂರ್ತಿ ಮಾಯ ಆಗುತ್ತದೆ. ಅದನ್ನು ನೀನು ಓದುಗರಿಗೆ ಬಾಯಿಬಿಟ್ಟು ಹೇಳಬೇಕು.

ಈಗ ಒಳಗೆ ಹೋಗು. ಮೊರಿಯಾಮಾ ಹಾಡಿನಲ್ಲಿ ಒಂದು ಪಿಯಾನೊ, ಒಂದು ಗಂಟಲು, ಅಷ್ಟೇ. ಅಗಲುತ್ತಿರುವ ಗೆಳೆಯರು ಸಕುರ ಮರಗಳ ಸಾಲಿನ ದಾರಿಯಲ್ಲಿ ಮತ್ತೆ ಸಿಗೋಣ ಅನ್ನುತ್ತಾರೆ. ಇಕಿಮೊನೊಗಕಾರಿ ಹಾಡಿನಲ್ಲಿ ಹೂವು ಕಾಣೋದು ರೈಲಿನ ಕಿಟಕಿಯಲ್ಲಿ, ಅದೂ ಹೆಸರು ಹೇಳಿದ ರೈಲು, ಒದಾಕ್ಯು ಲೈನು. ಆ ತಂಡದವರು ಬೆಳೆದ ಕನಗಾವ ಪ್ರಾಂತ್ಯದ ಊರುಗಳ ರೈಲು ಅದು. ನನ್ನ ಮಟ್ಟಿಗೆ ಆ ಹಾಡಿನ ಕಿಮರಿಜಿ ಅದೇ ರೈಲು. ವಸಂತ, ಹೂವು, ಅಗಲಿಕೆ ಎಲ್ಲರ ಹತ್ತಿರವೂ ಇದೆ. ಒದಾಕ್ಯು ಲೈನಿನ ಕಿಟಕಿ ಈ ಹಾಡೊಂದರದೇ. ನೀನು ಈ ಹಾಡಿನ ಮುಂದೆ ‘2006, ಪಾಪ್’ ಅಂತ ಮಾತ್ರ ಬರೆದಿದ್ದೀಯ.

ಇಷ್ಟೊಂದು ಸಕುರ ಹಾಡುಗಳು ಯಾಕೆ ಅನ್ನೋದನ್ನು ನೀನು ಎಲ್ಲೂ ಹೇಳಿಲ್ಲ. ಅಲ್ಲಿ ಶಾಲೆಯ ವರ್ಷ ಮುಗಿಯೋದು ಮಾರ್ಚ್‌ನಲ್ಲಿ, ಶುರುವಾಗೋದು ಏಪ್ರಿಲ್‌ನಲ್ಲಿ. ಆಫೀಸಿನಲ್ಲಿ ವರ್ಗಾವಣೆಯೂ ಹೆಚ್ಚಾಗಿ ಆಗಲೇ. ಬೀಳ್ಕೊಡುಗೆಯ ವಾರಗಳಲ್ಲೇ ಹೂವು ಅರಳಿ ಉದುರುತ್ತದೆ. ಒಂದೆರಡು ಸಾಲು ಸಾಕು, ಜಾಸ್ತಿ ಬೇಡ.

ಆದರೆ ಒಂದು ಕಡೆ ಬಿಡುವಾಗಿ ನಿಲ್ಲು. ಆ ನೂರು ಪದ್ಯಗಳಲ್ಲಿ ‘ಸ’ದಿಂದ ಶುರುವಾಗೋದು ಒಂದೇ ಅಂದೆನಲ್ಲ, ಅದು ಸಕುರ ಅಲ್ಲ. ‘ಸಬಿಶಿಸ’, ಅಂದರೆ ಒಂಟಿತನ. ರ್‍ಯೋಜೆನ್ ಎಂಬ ಭಿಕ್ಷುವಿನ ಪದ್ಯ. ಒಂಟಿತನ ತಾಳಲಾರದೆ ಗುಡಿಸಲಿನಿಂದ ಹೊರಗೆ ಬಂದು ನೋಡುತ್ತಾನೆ. ಎಲ್ಲಿ ನೋಡಿದರೂ ಅದೇ, ಶರತ್ಕಾಲದ ಸಂಜೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸ ಆಗಲಿಲ್ಲ. ಹಾಗಾದರೆ ಸಕುರ ಎಲ್ಲಿ ಹೋಯಿತು? ಅದೂ ಇದೆ, ಪದ್ಯದ ಒಳಗೆ. ಒಂದು ಪದ್ಯ ‘ಹಿಂದಿನ ಕಾಲದ’ ಅಂತ ಶುರುವಾಗಿ, ನಾರಾ ರಾಜಧಾನಿಗೆ ಹೋಗಿ, ಆಮೇಲೆ ಸಕುರಕ್ಕೆ ಬರುತ್ತದೆ. ಇನ್ನೊಂದರಲ್ಲಿ ಕಾಡಿನಲ್ಲಿರುವ ಭಿಕ್ಷು ಮೊದಲು ‘ಇಬ್ಬರೂ ಒಟ್ಟಿಗೆ’ ಅನ್ನುತ್ತಾನೆ. ಯಾರ ಜೊತೆ ಮಾತಾಡುತ್ತಿದ್ದಾನೆ ಅಂತ ನಾವು ಕಾಯುತ್ತೇವೆ. ಆಮೇಲೆ ತಿಳಿಯುತ್ತದೆ, ಬೆಟ್ಟದ ಸಕುರದ ಜೊತೆ. ನಿನ್ನನ್ನು ಬಿಟ್ಟರೆ ನನ್ನನ್ನು ಬಲ್ಲವರು ಇಲ್ಲಿ ಯಾರೂ ಇಲ್ಲ ಅನ್ನುತ್ತಾನೆ. ಇಂದಿನ ಹಾಡು ಹೂವಿನ ಹೆಸರನ್ನು ಬಾಗಿಲಲ್ಲೇ ಹೇಳುತ್ತದೆ. ಆ ಹಳೆಯ ಪದ್ಯ ನಮ್ಮನ್ನು ಸ್ವಲ್ಪ ದೂರ ನಡೆಸಿಕೊಂಡು ಹೋಗಿ ತೋರಿಸುತ್ತದೆ. ಎರಡೂ ನನಗೆ ಇಷ್ಟ. ಪಕ್ಕಪಕ್ಕ ಇಟ್ಟು ಬರೆದರೆ ಎಷ್ಟು ಚೆನ್ನ, ಅಲ್ವಾ?

ಕನ್ನಡದವನಾಗಿ ನಿನಗೆ ಮಾತ್ರ ಕಾಣುವ ಒಂದು ವಿಷಯವೂ ಇದೆ. ಜಪಾನಿ ಅಕ್ಷರಗಳ ಸಾಲನ್ನು ಜೋರಾಗಿ ಓದು: ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ನೆರಳು ಕಾಣುತ್ತದೆ. ಸಾವಿರ ವರ್ಷದ ಹಿಂದೆಯೇ ಅಲ್ಲಿನ ಬೌದ್ಧ ಭಿಕ್ಷುಗಳು ಸಿದ್ಧಂ ಎಂಬ ಭಾರತದ ಹಳೆಯ ಲಿಪಿಯಲ್ಲಿ ಸಂಸ್ಕೃತ ಮಂತ್ರಗಳನ್ನು ಕಲಿಯುತ್ತಿದ್ದರು. ಆ ಓದಿನಿಂದಲೇ ಈ ಜೋಡಣೆ ಬಂತು. ನಮ್ಮ ‘ಚ’ ಕೂತಿರುವ ಕಡೆ ಅವರ ‘ಸ’ ಕೂತಿದೆ, ‘ಪ’ ಇರುವ ಕಡೆ ‘ಹ’. ಅವರ ‘ಹ’ ಒಂದು ಕಾಲಕ್ಕೆ ‘ಪ’ ಆಗಿತ್ತು. ಇಂದಿನ ‘ಹನ’, ಅಂದರೆ ಹೂವು, ಆಗ ‘ಪನ’. ನಮ್ಮ ಹಳಗನ್ನಡದ ‘ಪೂ’ ಕೂಡ ‘ಹೂ’ ಆಯಿತಲ್ಲ! ಎರಡಕ್ಕೂ ಸಂಬಂಧ ಇಲ್ಲ, ಬೇರೆ ಬೇರೆ ದಾರಿಯಲ್ಲಿ ಆದದ್ದು. ಆದರೂ ಇದನ್ನು ಓದಿದ ಕನ್ನಡಿಗ ಒಂದು ಕ್ಷಣ ಖುಷಿಯಿಂದ ನಿಲ್ಲುತ್ತಾನೆ. ಲೇಖನದ ಶುರುವಿನಲ್ಲಿ ಇಡು. ಮೂವತ್ನಾಲ್ಕರಲ್ಲಿ ಇಪ್ಪತ್ತೆಂಟು ಹಾಡು ಬಿಟ್ಟರೂ ಪರವಾಗಿಲ್ಲ.

ಇನ್ನು ಇಪ್ಪತ್ತೊಂದನೆಯ ಹಾಡು. ಫುಕುಯಾಮಾ ಮಸಾಹಾರು ಹಾಡಿದ ‘ಸಕುರಜಕ’, 2000ದ್ದು. ಸಕುರದ ಇಳಿಜಾರು ಅಂತ ಅರ್ಥ. ಅದರ ಪಕ್ಕದಲ್ಲಿ ಸಣ್ಣದಾಗಿ ಒಂದು ಸಾಲು ಬರೆದಿದ್ದೀಯ: ‘ನಮ್ಮ ಸೆಕ್ಷನ್‌ನ ಹಿರಿಯರು ನಿವೃತ್ತಿಯ ದಿನ ಇದನ್ನು ಹಾಡಿದರು, ಕೊನೆಯ ಸಾಲು ಹಾಡಲಿಲ್ಲ.’ ಅಷ್ಟು ಬರೆದು ಇಪ್ಪತ್ತೆರಡಕ್ಕೆ ಹೋಗಿಬಿಟ್ಟಿದ್ದೀಯ. ಯಾಕೋ ತಮ್ಮಾ? ನಿನ್ನ ಲೇಖನದ ಕಿಮರಿಜಿ ಅಲ್ಲೇ ಇದೆ. ಅಲ್ಲಿಯವರೆಗೆ ಈ ಪಟ್ಟಿಯನ್ನು ಯಾರು ಬೇಕಾದರೂ ಮಾಡಬಹುದಿತ್ತು.

ಆ ಸಂಜೆ ಏನಾಯಿತು ಅಂತ ಪೂರ್ತಿ ಬರೆದು ಕಳಿಸು. ಕೋಣೆ ಎಷ್ಟು ದೊಡ್ಡದಿತ್ತು, ಎಷ್ಟು ಜನ ಇದ್ದಿರಿ, ಅವರು ಮೈಕ್ ಹೇಗೆ ಹಿಡಿದಿದ್ದರು? ಅವರು ನಿಲ್ಲಿಸಿದ ಮೇಲೆ ಪರದೆಯಲ್ಲಿ ಸಾಲುಗಳು ಓಡುತ್ತಲೇ ಇದ್ದವಾ? ಯಾರಾದರೂ ಮುಂದುವರಿಸಿದರಾ, ಇಲ್ಲಾ ಬರೀ ಸಂಗೀತ ಕೇಳುತ್ತಾ ಕೂತಿದ್ದಿರಾ?

ಪತ್ರಕ್ಕೆ ಕಾಯುತ್ತಿರುತ್ತೇನೆ. ಅಲ್ಲಿ ಚಳಿ ಇನ್ನೂ ಇದೆಯಂತೆ, ಹುಷಾರು.

ನಿನ್ನ ಅಕ್ಕ